ಬರೆಯಬಾರದ ಪಾಸ್‌ವರ್ಡಿನ ಸುತ್ತೋಲೆ

ದಾವಣಗೆರೆಯ ಬೀಜ ವಿತರಕರ ಸಹಕಾರ ಸಂಘದಲ್ಲಿ ಯಾವ ರಹಸ್ಯವನ್ನೂ ಮೂರಕ್ಕಿಂತ ಕಡಿಮೆ ಪ್ರತಿಗಳಲ್ಲಿ ತಯಾರಿಸುವಂತಿಲ್ಲ. ಒಂದು ಕಡತಕ್ಕೆ, ಒಂದು ಹರಿಹರ ಶಾಖೆಗೆ, ಒಂದು ನೋಟಿಸ್ ಬೋರ್ಡಿಗೆ. ಈ ನಿಯಮದಿಂದ ಈವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ.

ಮೊದಲ ಸಲ ತೊಂದರೆಯಾದದ್ದು ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್ ರೇವತಿಗೆ. ದಾವಣಗೆರೆಯ ಕಂಪ್ಯೂಟರಿಗೆ ಸೇರಿಸಿದ ಸದಸ್ಯರ ವಿವರವೆಲ್ಲ ಹರಿಹರದ ಕಂಪ್ಯೂಟರಿನಲ್ಲೂ ತಾನಾಗಿಯೇ ನಕಲಾಗುವಂತೆ ಮಾಡುವ ಕೆಲಸ ಅವಳದು. ಮೂರು ತಿಂಗಳು ಒಂದು ವಿವರವೂ ಸೋರದಿದ್ದರೆ ಕೆಲಸ ಖಾಯಂ. ಸೋರಿದರೆ ಅವತ್ತೇ ಮನೆಗೆ.

"ಸರ್, ಎರಡೂ ಕಂಪ್ಯೂಟರ್ ಕೂಡಿಸೋ ಪಾಸ್‌ವರ್ಡ್ ಎಲ್ಲೂ ಬಿಡಿಸಿ ಬರೆದಿಡಬಾರದ್ರಿ. ಕಂಡೋರೆಲ್ಲ ಒಳಗೆ ಬರ್ತಾರೆ," ಎಂದಳು ಕಾರ್ಯದರ್ಶಿ ಉಚ್ಚಂಗೆಪ್ಪನವರಿಗೆ.

"ಭೇಷ್! ಇದಕ್ಕೊಂದು ಸುತ್ತೋಲೆ ಬೇಕೇ ಬೇಕು ನೋಡಮ್ಮ."

ಪಾಸ್‌ವರ್ಡ್ ಮಂಜೂರು ಮಾಡುವ ಅಧಿಕಾರ ಅವರದೇ. ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು: 'ಪಾಸ್‌ವರ್ಡನ್ನು ಯಾರೂ ಎಲ್ಲಿಯೂ ಬರೆಯತಕ್ಕದ್ದಲ್ಲ. ಬರೆಯಬಾರದ ಪಾಸ್‌ವರ್ಡ್ ಈ ಕೆಳಕಂಡಂತಿದೆ.' ಕೆಳಗೆ ಪಾಸ್‌ವರ್ಡ್, ಪಕ್ಕದಲ್ಲಿ ಸಂಘದ ಮೊಹರು.

ಅದನ್ನು ಬದಲಾಯಿಸಿರೆಂದು ರೇವತಿ ಅಂಗಲಾಚಿದಳು. ಬದಲಾಯಿಸಿದರು. ತಿದ್ದುಪಡಿ ಸುತ್ತೋಲೆಯಲ್ಲಿ ಹಳೆಯದನ್ನು ರದ್ದುಪಡಿಸಿ, ಗೊಂದಲವಾಗದಿರಲೆಂದು ಹೊಸದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಾಯಿತು. ಹರಿಹರದ ಗುಮಾಸ್ತ ಬಡೇಸಾಬ್ ಫೋನ್ ಮಾಡಿದ: "ಮೇಡಂ, ಹೊಸಾದು ಮುಟ್ಟೈತ್ರಿ. ಚಾದಂಗಡಿಯೋರೂ ಓದ್ಕೊಂಡ್ರು. ಹಳೇದಕ್ಕಿಂತ ಚೆನ್ನಾಗೈತೆ ಅಂದ್ರು."

ಇನ್ನು ಬಾಯಿ ನೋಯಿಸಿಕೊಂಡು ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಾಯಿತು. ಸದ್ದಿಲ್ಲದೆ, ಎರಡೂ ಕಂಪ್ಯೂಟರುಗಳು ಪಾಸ್‌ವರ್ಡ್ ಕೇಳದೆ, ತಮ್ಮತಮ್ಮೊಳಗಿನ ಡಿಜಿಟಲ್ ಪ್ರಮಾಣಪತ್ರ ತೋರಿಸಿಯೇ ಒಂದನ್ನೊಂದು ಗುರುತು ಹಿಡಿಯುವಂತೆ ಮಾಡಿದಳು. ಬೋರ್ಡಿನ ಪಾಸ್‌ವರ್ಡಿನಿಂದ ಇನ್ನು ಏನೂ ತೆರೆಯುತ್ತಿರಲಿಲ್ಲ. ಆದರೂ ಯಾರಿಗೂ ಅನುಮಾನ ಬಾರದಿರಲೆಂದು ಪ್ರತಿ ಸೋಮವಾರ ಹೊಸ ಪಾಸ್‌ವರ್ಡೊಂದನ್ನು ಮಂಜೂರಾತಿಗೆ ತಪ್ಪದೆ ಒಪ್ಪಿಸಿದಳು.

ಮೂರು ತಿಂಗಳಿಗೆ ತಪಾಸಣಾಧಿಕಾರಿ ಲಿಂಗಣ್ಣ ಬಂದು, ಬೋರ್ಡ್ ನೋಡಿಕೊಂಡು ಪಾಸ್‌ವರ್ಡ್ ಒತ್ತಿದರು. ತೆರೆಯಲಿಲ್ಲ.

"ಇದೇನ್ರಿ, ಬರೆದಿದ್ದು ಹಾಕಿದ್ರೂ ತೆಗಿಯಲ್ಲ?"

"ಇದಕ್ಕೇ ಭದ್ರತೆ ಅನ್ನೋದ್ರಿ," ಎಂದರು ಉಚ್ಚಂಗೆಪ್ಪ, ಹೆಮ್ಮೆಯಿಂದ. "ಮಂಜೂರಾದ ಪಾಸ್‌ವರ್ಡಿಗೇ ಬಗ್ಗದ ಕಂಪ್ಯೂಟರು ಕಳ್ಳರಿಗೆ ಬಗ್ತೈತೇನ್ರಿ?"

ಲಿಂಗಣ್ಣ ತಲೆದೂಗಿ, ಒಂದು ವಿವರವೂ ಸೋರಿಲ್ಲವೆಂದು ಮೆಚ್ಚುಗೆಯ ಷರಾ ಬರೆದರು. ಮರುದಿನವೇ ರೇವತಿಗೆ ಖಾಯಂ ಆದೇಶ ಬಂತು. ಹುದ್ದೆ, 'ರಹಸ್ಯ ಪ್ರಕಟಣಾಧಿಕಾರಿ'. ಅವಳ ಸಂತೋಷಕ್ಕೆ ಪಾರವಿರಲಿಲ್ಲ. ಅಧಿಕಾರ ವಹಿಸಿಕೊಂಡವಳೇ ಮೊದಲ ಪ್ರಕಟಣೆ ಹೊರಡಿಸಿದಳು: 'ಮುಂದಿನ ವಾರದ ಪಾಸ್‌ವರ್ಡಿಗೆ ಸಾರ್ವಜನಿಕರಿಂದ ಸಲಹೆ, ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ.'

ಸಲಹೆಗಳು ನಲವತ್ತೆರಡು ಬಂದವು. ಆಕ್ಷೇಪಣೆ ಯಾರದ್ದೂ ಇರಲಿಲ್ಲ.