ಕ್ಯಾಂಟೀನಿನ ಗೋಡೆಯಿಂದ ಕಿತ್ತ ಪಾಠಗಳ ಕುರಿತು ತರಬೇತಿ ಮುಖ್ಯಸ್ಥರಿಗೆ

ಪಿಂಪ್ರಿಯ ಬಿಡಿಭಾಗಗಳ ಕಂಪನಿಯ ತರಬೇತಿ ಮುಖ್ಯಸ್ಥರಾದ ಶ್ರೀಯುತ ಶ್ರೀನಾಥ್ ಅವರ ಸಮ್ಮುಖಕ್ಕೆ, ಅದೇ ಕಂಪನಿಯ ದಾಸ್ತಾನು ವಿಭಾಗದ ಅಮರ ಕೈಮುಗಿದು ಬರೆಯುವುದು.

ಮಾನ್ಯರೇ,

ಕಳೆದ ಬುಧವಾರ ತಾವು ನಮ್ಮ ಕ್ಯಾಂಟೀನಿನ ಗೋಡೆಯಿಂದ ನಾಲ್ಕು ಪಾಠಗಳನ್ನು ಕೀಳಿಸಿದಿರಿ. ಅದು ತಪ್ಪು. ತಪ್ಪನ್ನು ಮೊದಲಿಗೇ ಹೇಳಿ ಮುಗಿಸಿದರೆ ಉಳಿದ ಜಾಗವನ್ನೆಲ್ಲ ತಮ್ಮ ಗುಣಗಾನಕ್ಕೆ ಮೀಸಲಿಡಬಹುದಲ್ಲ ಎಂದು ಹೀಗೆ ಆರಂಭಿಸಿದ್ದೇನೆ. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಗೋಡೆ ನಮ್ಮ ಕೈತಪ್ಪಿದ್ದರಿಂದ ಈ ಪತ್ರವನ್ನು ಗೇಟಿನ ಹೊರಗೆ ಹಂಚಬೇಕಾಗಿದೆ. ಬಸ್ಸಿಗೆ ಕಾಯುವವರೂ ಓದುವುದರಿಂದ ಹಿನ್ನೆಲೆಯನ್ನು ಸ್ವಲ್ಪ ಹೇಳಲು ಅಪ್ಪಣೆಯಾಗಬೇಕು. ಕಂಪನಿಯ ದಾಸ್ತಾನಿನ ಲೆಕ್ಕ ಇನ್ನು ಮುಂದೆ ಹೊಸದೊಂದು ಕಂಪ್ಯೂಟರ್ ಭಾಷೆಯಲ್ಲಿ ನಡೆಯಲಿದೆ. ಅದು ಫಂಕ್ಷನಲ್ ಎಂಬ ಪಂಗಡದ ಭಾಷೆ. ಅದರ ಮೊದಲ ಪಾಠಗಳ ಪರೀಕ್ಷೆ ಬರುವ ಸೋಮವಾರ. ಪಾಸಾದವರು ಪಿಂಪ್ರಿಯಲ್ಲಿ ಉಳಿಯುತ್ತಾರೆ, ನಪಾಸಾದವರು ದೂರದ ಶಿರೂರಿನ ಗೋದಾಮಿಗೆ ಹೋಗುತ್ತಾರೆ. ಕಲಿಸುವುದಕ್ಕಾಗಿ ತಾವು ದಯಪಾಲಿಸಿದ್ದು ಇಂಗ್ಲಿಷಿನ ವಿಡಿಯೋಗಳು. ಅವುಗಳನ್ನು ಕೆಲಸದ ವೇಳೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಅದೇ ವೇಳೆಯಲ್ಲಿ ಡೀಲರುಗಳ ಫೋನುಗಳನ್ನೂ ಎತ್ತಬೇಕು. ಒಬ್ಬ ಮನುಷ್ಯನಿಗೆ ನಾಲ್ಕು ಕಿವಿಗಳಿರಬಹುದೆಂದು ಯೋಚಿಸುವ ವಿಶಾಲ ಹೃದಯ ಎಲ್ಲ ಅಧಿಕಾರಿಗಳಿಗೂ ಇರುವುದಿಲ್ಲ.

ನಮ್ಮ ವಿಭಾಗದವರಲ್ಲಿ ಹೆಚ್ಚಿನವರು ವಿಜಯಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆತನಗಳವರು. ಆದ್ದರಿಂದ ನಾನು ವಿಡಿಯೋಗಳನ್ನು ಮನೆಯಲ್ಲಿ ನೋಡಿ, ಅರ್ಥವಾದಷ್ಟನ್ನು ಕನ್ನಡದಲ್ಲಿ ದೊಡ್ಡ ಹಾಳೆಗಳ ಮೇಲೆ ಬರೆದು, ಕೈತೊಳೆಯುವ ಜಾಗದ ಪಕ್ಕ ಅಂಟಿಸಿದೆ. ಅಂಗಡಿಯವನು ತನ್ನ ಮಧ್ಯಾಹ್ನದ ನಿದ್ದೆಯ ವೇಳೆಯನ್ನೂ ಫಲಕ ಬರೆದು ಸಾರುವ ಊರು ಇದು; ಗೋಡೆಯ ಮೇಲಿನ ನಾಲ್ಕು ಮಾತು ಇಲ್ಲಿ ಯಾರ ಕಣ್ಣನ್ನೂ ಚುಚ್ಚಲಾರವು ಎಂದುಕೊಂಡಿದ್ದೆ. ನಾನು ಓದಿರುವುದೆಲ್ಲ ಕರಪತ್ರಗಳೇ ಆದ್ದರಿಂದ ಪಾಠಗಳಿಗೂ ಅದೇ ಧಾಟಿ ಬಂತು. ಮೊದಲ ಹಾಳೆ ಹೀಗಿತ್ತು: "ಸಂಗಾತಿಗಳೇ, ಹೆಜ್ಜೆಹೆಜ್ಜೆಗೂ ಹೇಗೆ ಮಾಡಬೇಕೆಂದು ಯಂತ್ರಕ್ಕೆ ಹೇಳಿಕೊಡುವ ದಿನಗಳು ಮುಗಿದವು. ನಮಗೆ ಏನು ಬೇಕೆಂಬುದನ್ನು ಹೇಳೋಣ." ಎರಡನೆಯ ಹಾಳೆಯಲ್ಲಿ ಬುಟ್ಟಿಯ ತುಂಬ ರೊಟ್ಟಿಗಳಿದ್ದವು. ಒಂದೊಂದನ್ನೇ ಎತ್ತಿ ತುಪ್ಪ ಸವರುವ ಕ್ರಮವನ್ನು ನಾವು ಬರೆಯಬೇಕಾಗಿಲ್ಲ, "ತುಪ್ಪ ಸವರು" ಎಂಬ ಕೆಲಸವನ್ನೇ ಇಡೀ ಬುಟ್ಟಿಗೆ ಒಪ್ಪಿಸಿದರೆ ತುಪ್ಪದ ರೊಟ್ಟಿಗಳ ಹೊಸ ಬುಟ್ಟಿ ಬರುತ್ತದೆ ಎಂಬುದು ಅದರ ಸಾರ. ಮೂರನೆಯದು ಕಾಳು ಉಳಿಸಿಕೊಂಡು ಹೊಟ್ಟು ಬಿಡುವ ಜರಡಿ. ನಾಲ್ಕನೆಯದು, ಈ ಭಾಷೆಯಲ್ಲಿ ಒಮ್ಮೆ ಇಟ್ಟದ್ದನ್ನು ಯಾರೂ ತಿದ್ದುವಂತಿಲ್ಲ ಎಂಬ ನಿಯಮ.

ಮೊದಲ ಹಾಳೆಯನ್ನು ಗೇಟಿನ ಕಾವಲುಗಾರ ಗುರಣ್ಣ ಮುಷ್ಕರದ ಕರೆಯೆಂದು ತಿಳಿದು ತಮಗೆ ವರದಿ ಮಾಡಿದ. ಅವನನ್ನು ದೂರುವುದಿಲ್ಲ. "ಕೆಂಪು ಶಾಯಿ ಅದ, ಸಂಗಾತಿಗಳೇ ಅಂತ ಅದ, ಇನ್ನ ಮುಂದ ಏನ್ ಓದೂದು ತಮ್ಮಾ" ಎಂದು ಅವನೇ ನನ್ನೆದುರು ಒಪ್ಪಿಕೊಂಡ. ತಾವಾದರೋ ಮೈಸೂರಿನವರು, ಕನ್ನಡ ಶಾಲೆಯಲ್ಲಿ ಓದಿದವರು, ಖುದ್ದಾಗಿ ಗೋಡೆಯ ಮುಂದೆ ಬಂದು ನಿಂತವರು. ನಿಂತು ತಾವು ಹೇಳಿದ್ದು: "ಏನ್ರೀ ಇದು, ಕ್ಯಾಂಟೀನ್‌ನ ಪಾರ್ಟಿ ಆಫೀಸ್ ಮಾಡ್ಕೊಂಡಿದ್ದೀರಾ? ಫಸ್ಟ್ ರಿಮೂವ್ ಮಾಡ್ಸಿ." ರೊಟ್ಟಿ, ತುಪ್ಪ, ಜರಡಿ ಇವಿಷ್ಟರಿಂದ ಆಡಳಿತವನ್ನು ಉರುಳಿಸುವ ಸಂಚು ನಡೆದಿದೆಯೆಂದು ಕಂಡುಕೊಂಡ ತಮ್ಮ ಸೂಕ್ಷ್ಮದೃಷ್ಟಿಗೆ ನಮಸ್ಕಾರ. ಹಾಳೆಗಳನ್ನು ಕೆರೆದು ತೆಗೆಯುವಾಗ ಗುರಣ್ಣನೇ, "ಆ ರೊಟ್ಟೀದು ಭಾಳ ಚಲೋ ಇತ್ತಪಾ, ನಂಗೂ ತಿಳೀತು" ಎಂದು ಮರುಗಿದ.

ಈಗ ತ್ರಿವೇಣಿಯ ವಿಷಯ. ಅವಳು ನನ್ನ ಪಕ್ಕದ ಮೇಜಿನವಳು. ಸಂಜೆ ಚಿಂಚವಾಡದ ಕಾಲೇಜಿನಲ್ಲಿ ಪದವಿ ಓದುತ್ತಾಳೆ, ಕೊನೆಯ ವರ್ಷ. ಶಿರೂರಿಗೆ ಹಾಕಿದರೆ ಸಂಜೆಯ ತರಗತಿಗೆ ಬರಲು ಸಾಧ್ಯವಿಲ್ಲ, ಪದವಿ ಅಲ್ಲಿಗೇ ನಿಲ್ಲುತ್ತದೆ. ವಿಡಿಯೋದಲ್ಲಿ ವಾರಗಟ್ಟಲೆ ತಲೆಗೆ ಹತ್ತದ ಪಾಠ ಅವಳಿಗೆ ಮಂಗಳವಾರ ಊಟದ ತಟ್ಟೆ ಹಿಡಿದು ನಿಂತಾಗ ಹತ್ತಿತು. "ಅಂದ್ರ ಹಳೇದನ್ನ ಮುಟ್ಟಂಗಿಲ್ಲ, ಅದನ್ನ ನೋಡಿ ಹೊಸಾದು ಮಾಡ್ಕೋಬೇಕು, ಹೌದಲ್ಲೋ ಅಮರ? ಇಷ್ಟಕ್ಕ ಆ ಹೆಣ್ಣಮಗಳು ವಿಡಿಯೋದಾಗ ಅಷ್ಟೊತ್ತು ಯಾಕ ಒದರತಾಳ?" ಎಂದಳು. ಗುರುವಾರ ಉಳಿದದ್ದನ್ನು ಓದಲು ಮತ್ತೆ ತಟ್ಟೆ ಹಿಡಿದು ಬಂದಳು. ಗೋಡೆಯಲ್ಲಿ ಗೋಂದಿನ ಕಲೆಗಳು ಮಾತ್ರ ಇದ್ದವು.

ಮಾನ್ಯರೇ, ಈ ಭಾಷೆಯನ್ನು ಕಲಿಯುತ್ತ ಹೋದಂತೆ ನನಗೆ ತಮ್ಮ ಮೇಲಿನ ಗೌರವ ಇಮ್ಮಡಿಸಿದೆ. ಅದರಲ್ಲಿ ಶುದ್ಧ ಫಂಕ್ಷನ್ ಎಂಬುದೊಂದಿದೆ: ಅದಕ್ಕೆ ಏನು ಕೊಟ್ಟರೆ ಏನು ಬರುತ್ತದೆಂಬುದು ನಿಶ್ಚಿತ, ಎಷ್ಟು ಸಲ ಕೇಳಿದರೂ ಉತ್ತರ ಬದಲಾಗದು, ಮತ್ತು ಅದರಿಂದ ಹೊರಜಗತ್ತಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗದು. ತಮ್ಮ ಬಳಿಗೆ ನಾವು ಯಾವ ಅರ್ಜಿ ತಂದರೂ "ನೋಡೋಣ" ಎಂಬ ಒಂದೇ ಉತ್ತರ ಬರುತ್ತಿದ್ದುದರ ಹಿಂದಿನ ಶಾಸ್ತ್ರ ಈಗ ತಿಳಿಯಿತು. ಇಂಥ ಕೆಲವು ಭಾಷೆಗಳಿಗೆ, ಯಾರಾದರೂ ಉತ್ತರ ಕೇಳುವವರೆಗೆ ಲೆಕ್ಕವನ್ನೇ ಮಾಡದಿರುವ ಸೋಮಾರಿತನವೂ ಒಂದು ಭೂಷಣ. ತಾವು ಕೇಳಿದ ಮೇಲೂ ಮಾಡದೆ ಆ ವಿದ್ಯೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದಿದ್ದೀರಿ.

ಆದ್ದರಿಂದ ತಮ್ಮ ಆದೇಶವನ್ನು ಬದಲಿಸಿರೆಂದು ಬೇಡುವ ಅವಿವೇಕ ಮಾಡುವುದಿಲ್ಲ. ಒಮ್ಮೆ ಇಟ್ಟದ್ದನ್ನು ತಿದ್ದುವಂತಿಲ್ಲ. ಅದು ಭಾಷೆಯ ಧರ್ಮ, ತಮ್ಮ ಧರ್ಮವೂ ಹೌದು. ಬುಧವಾರದ ಆದೇಶ ಬುಧವಾರದ್ದಾಗಿಯೇ ಚಿರಕಾಲ ಇರಲಿ. ಬೇಕಾದರೆ ಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿಕೊಳ್ಳಿ. ಅದನ್ನು ನೋಡಿಕೊಂಡು, ಎಲ್ಲವೂ ಹಾಗೆಯೇ ಇದ್ದು ಪಾಠಗಳು ಮಾತ್ರ ಗೋಡೆಯ ಮೇಲಿರುವ ಹೊಸದೊಂದು ಆದೇಶವನ್ನು ಹೊರಡಿಸಿ ಎಂದಷ್ಟೇ ನನ್ನ ಕೋರಿಕೆ. ಯಾರ ಮರ್ಯಾದೆಗೂ ಕುಂದಿಲ್ಲ.

ತಮ್ಮನ್ನು ನೇರವಾಗಿ ಕಾಡಿಸಬಾರದೆಂದು ನಾನು ಮೊದಲು ಸಿಬ್ಬಂದಿ ಕಚೇರಿಗೆ ಹೋದೆ. ಅವರು ಕಟ್ಟಡ ವ್ಯವಸ್ಥಾಪಕರನ್ನು ಕೇಳಿ ಎಂದರು, ವ್ಯವಸ್ಥಾಪಕರು ಭದ್ರತೆಯವರನ್ನು ಕೇಳಿ ಎಂದರು, ಭದ್ರತೆಯವರು ತರಬೇತಿ ವಿಭಾಗವನ್ನು ತೋರಿಸಿದರು, ತಮ್ಮ ಸಹಾಯಕರು ಮತ್ತೆ ಸಿಬ್ಬಂದಿ ಕಚೇರಿಗೆ ಕಳಿಸಿದರು. ತನ್ನನ್ನೇ ತಾನು ಕರೆಯುವ ಇಂಥ ವ್ಯವಹಾರ ಈ ಭಾಷೆಯಲ್ಲೂ ಉಂಟು. ಆದರೆ ಅಲ್ಲಿ, ಇನ್ನು ಮುಂದೆ ಯಾರನ್ನೂ ಕರೆಯದೆ ಇಲ್ಲೇ ಉತ್ತರ ಕೊಡು ಎಂದು ಒಂದು ಕಡೆ ಬರೆದಿಡಬೇಕು. ಇಲ್ಲದಿದ್ದರೆ ಯಂತ್ರ ಸುತ್ತಿ ಸುತ್ತಿ ಪ್ರಾಣ ಬಿಡುತ್ತದೆ. ನಮ್ಮ ಕಂಪನಿ ಆ ಸಾಲನ್ನು ಬರೆಯಲು ಮರೆತಿರುವುದರಿಂದ ನಾನೇ ಬರೆಯುತ್ತಿದ್ದೇನೆ.

ಬರುವ ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ, ಕ್ಯಾಂಟೀನಿನಲ್ಲಿ, ಅದೇ ಗೋಡೆಯ ಮುಂದೆ. ತ್ರಿವೇಣಿ ಇರುತ್ತಾಳೆ, ವಿಭಾಗದ ಎಲ್ಲರೂ ಇರುತ್ತೇವೆ, ಹೊಸ ಹಾಳೆಗಳೂ ಗೋಂದೂ ಇರುತ್ತವೆ. ತಾವು ಬಂದು ಅಂಟಿಸಲು ಒಪ್ಪಿಗೆ ಕೊಡಬಹುದು. ಬರದಿದ್ದರೆ ಪಾಠವನ್ನು ಅಲ್ಲೇ ನಿಂತು ಬಾಯಲ್ಲಿ ಹೇಳುತ್ತೇವೆ. ಬಾಯಿಯನ್ನು ಕೆರೆದು ತೆಗೆಯುವ ಉಪಕರಣ ಗುರಣ್ಣನ ಬಳಿ ಇಲ್ಲ.

ತಮ್ಮ ವಿಶ್ವಾಸಿ,
ಅಮರ
ದಾಸ್ತಾನು ವಿಭಾಗ, ಪಿಂಪ್ರಿ

ತಾ.ಕ.: ಪರೀಕ್ಷೆಯ ಸುತ್ತೋಲೆಯನ್ನು ಕೊನೆಯವರೆಗೂ ಓದಿದ ಪುಣ್ಯ ನನ್ನದಾಯಿತು. ಕಲಿಯುವವರಷ್ಟೇ ಅಲ್ಲ, ಕಲಿಸುವ ವಿಭಾಗದವರೂ ಸೋಮವಾರ ಪರೀಕ್ಷೆಗೆ ಕೂರತಕ್ಕದ್ದು ಎಂದು ಅದರ ಕಡೆಯ ಸಾಲಿನಲ್ಲಿದೆ. ಅದರ ಕೆಳಗಿರುವುದು ತಮ್ಮದೇ ಸಹಿ. ಶನಿವಾರ ತಮಗಾಗಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಡುತ್ತೇವೆ. ರೊಟ್ಟಿಯಿಂದಲೇ ಶುರು ಮಾಡೋಣ.