ಡೆಕ್ಕಿಗೆ ಹಚ್ಚಿದ ಸಮತೋಲನ

ನಾನು ಇಪ್ಪತ್ತೆರಡು ವರ್ಷಗಳಿಂದ ಸಿಂಧನೂರಿನಲ್ಲಿ ಪತ್ರಿಕಾ ವರದಿಗಾರ. ಕಾಲುವೆ ನೀರು, ಭತ್ತದ ಬೆಳೆ, ಬಸ್ ನಿಲ್ದಾಣದ ಸೋರುವ ಚಾವಣಿ, ಹೀಗೆ ನೂರಾರು ವಿಷಯಗಳ ಬಗ್ಗೆ ಬರೆದಿದ್ದೇನೆ. ಇವುಗಳಲ್ಲಿ ಯಾವ ಕೆಲಸವನ್ನೂ ಕೈಯಾರೆ ಮಾಡದ ಕಾರಣ, ಎಲ್ಲವೂ ನನಗೆ ಗೊತ್ತು ಎಂಬ ನಂಬಿಕೆಗೆ ಯಾವ ಅಡ್ಡಿಯೂ ಬಂದಿರಲಿಲ್ಲ. ಅಡ್ಡಿ ಬಂದದ್ದು ಈ ಬೇಸಿಗೆಯಲ್ಲಿ, ಮೂರು ಡಬ್ಬಿಗಳ ರೂಪದಲ್ಲಿ.

ಘಟನೆಯ ಹಿನ್ನೆಲೆ ಹೀಗಿದೆ. ನನ್ನ ಹೆಂಡತಿ ಗಿರಿಜಾಳ ತಮ್ಮ ಶರಣಬಸವ ಮಸ್ಕಿ ರಸ್ತೆಯಲ್ಲಿ, ಕಾಲುವೆ ಪಕ್ಕ ಒಂದು ಖಾನಾವಳಿ ನಡೆಸುತ್ತಾನೆ. ಜನ ಕಾಲುವೆ ನೋಡುತ್ತ ರೊಟ್ಟಿ ಉಣ್ಣಲಿ ಎಂದು ಹಿತ್ತಲಲ್ಲಿ ಡೆಕ್ ಮಾಡಿಸಿದ. ಡೆಕ್ ಎಂದರೆ ನೆಲದಿಂದ ಮೊಣಕಾಲೆತ್ತರಕ್ಕೆ ಹಲಗೆ ಜೋಡಿಸಿ ಮಾಡಿದ, ಮೇಲೆ ಸೂರಿಲ್ಲದ ಕಟ್ಟೆ. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು, ಚಕ್ಕಳಮಕ್ಕಳ ಹಾಕಿ ಕೂರಬೇಕು.

ಅದನ್ನು ಮಾಡಿದವನು ಮುದಗಲ್ಲಿನ ಬಡಗಿ ಖಾಜಾಸಾಬ್. ಅವನ ತಂದೆ, ಅಜ್ಜ ಊರಿನ ಅರ್ಧ ಬಾಗಿಲುಗಳನ್ನು ಮಾಡಿದವರು. ಈಗ ಜನ ಸಿದ್ಧ ಬಾಗಿಲು ತಂದು ಕೂರಿಸುತ್ತಾರೆ. ಖಾಜಾನ ಉಳಿ, ರಂದಾ ವಾರದಲ್ಲಿ ನಾಲ್ಕು ದಿನ ಗೂಡಿನಲ್ಲೇ ಇರುತ್ತವೆ. ಅಷ್ಟರಲ್ಲಿ ಲಿಂಗಸುಗೂರಿನ ಲಾಡ್ಜ್ ಮಾಲೀಕರೊಬ್ಬರು ತಮ್ಮ ಮಾಳಿಗೆಯ ಮೇಲೆ ಇಂಥದೇ ದೊಡ್ಡ ಡೆಕ್ ಮಾಡಿಸುವ ಮನಸ್ಸು ಮಾಡಿದರು. ಭಾನುವಾರ ಬಂದು ಶರಣಬಸವನ ಡೆಕ್ ನೋಡುತ್ತೇನೆ, ಪಸಂದ ಆದರೆ ಕೆಲಸ ನಿನಗೇ ಎಂದು ಖಾಜಾನಿಗೆ ಹೇಳಿದರು. ಅದು ಸಿಕ್ಕರೆ ದೀಪಾವಳಿಯ ತನಕ ಅವನು ತನ್ನ ಊರಲ್ಲೇ ಇರಬಹುದು. ಸಿಗದಿದ್ದರೆ ಅಣ್ಣನ ಹಿಂದೆ ಪುಣೆಗೆ ಹೋಗಿ ಯಾವುದೋ ಕಾರ್ಖಾನೆಯಲ್ಲಿ ಪ್ಲೈವುಡ್ ಕೊಯ್ಯಬೇಕು.

ಸೋಮವಾರ ಹಲಗೆ ಕೆಲಸ ಮುಗಿಯಿತು. ಉಳಿದದ್ದು ಸ್ಟೇನ್. ಬಣ್ಣ ಕಟ್ಟಿಗೆಯ ಮೇಲೆ ಕೂರುತ್ತದೆ, ಸ್ಟೇನ್ ಒಳಗೆ ಇಳಿಯುತ್ತದೆ. ಬಿಸಿಲು ಮಳೆಯಿಂದ ಹಲಗೆಯನ್ನು ಕಾಯುತ್ತದೆ, ಎಳೆಗಳನ್ನು ಮುಚ್ಚುವುದಿಲ್ಲ. ಇಷ್ಟನ್ನು ನಾನು ಒಂದು ಸಂಜೆ ಮೊಬೈಲಿನಲ್ಲಿ ಓದಿದ್ದೆ. ಓದಿದ ಮೇಲೆ ಸುಮ್ಮನಿರುವುದು ಸಾಧ್ಯವೇ? ಸ್ಟೇನ್ ಆಯ್ಕೆಯ ಹೊಣೆ ನನ್ನದು ಎಂದು ಘೋಷಿಸಿದೆ.

ಖಾಜಾ ತಂಗಿಯ ಮಗಳ ನಿಶ್ಚಯಕ್ಕಾಗಿ ಎರಡು ದಿನ ಊರಿಗೆ ಹೊರಟಿದ್ದ. ಹೋಗುವ ಮುಂಚೆ ಅದೇ ಹಲಗೆಯ ಗೇಣುದ್ದ ತುಂಡೊಂದನ್ನು ನನ್ನ ಕೈಗಿಟ್ಟ.

"ಸಾಹೇಬ್ರ, ಏನ ತಂದ್ರೂ ಮೊದ್ಲ ಈ ತುಂಡಿಗೆ ಹಚ್ರಿ. ಒಂದಿನ ಬಿಸಲಾಗ ಇಟ್ಟು ನೋಡ್ರಿ. ಡೆಕ್ಕಿಗೆ ನಾ ಬಂದ ಮ್ಯಾಲ ಹಚ್ಚೋಣು."

ನಾನು ಇದನ್ನು ಅಕ್ಷರಶಃ ಪುಸ್ತಕದಲ್ಲಿ ಬರೆದುಕೊಂಡೆ. ಪುಸ್ತಕ ಜೇಬಿಗೆ ಹೋಯಿತು. ಸಲಹೆಯೂ ಜೊತೆಗೇ ಹೋಯಿತು.

ಮಂಗಳವಾರ ಆಯ್ಕೆ ಕಾರ್ಯ ಆರಂಭ. ಒಂದೇ ಮೂಲವನ್ನು ನಂಬಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದ್ದರಿಂದ ಮೂರು ಊರು ಸುತ್ತಿದೆ. ಸಿಂಧನೂರಿನ ಅಂಗಡಿಯಾತ ಕಡು ಕಾಫಿ ಬಣ್ಣದ ಎಣ್ಣೆ ಸ್ಟೇನ್ ಕೊಟ್ಟ; ಖಾನಾವಳಿ ಎಂದ ಮೇಲೆ ಪಲ್ಯ ಚೆಲ್ಲುತ್ತದೆ, ಕಲೆ ಕಾಣಬಾರದು ಎಂಬುದು ಅವನ ವಾದ. ಲಿಂಗಸುಗೂರಿನಾತ ಹೊಳೆಯುವ ಕೆಂಪು ಸಾಗುವಾನಿ ಬಣ್ಣ ತೋರಿಸಿದ. ಹೊಳಪಿಲ್ಲದ ಕಡೆ ಗಿರಾಕಿ ಕೂರುವುದಿಲ್ಲ ಎಂದ. ಅದೂ ಎಣ್ಣೆಯದೇ. ಮಸ್ಕಿಯಲ್ಲಿ ಸಿಕ್ಕಿದ್ದು ನೀರಿನಲ್ಲಿ ಕರಗಿಸಿದ, ವಾಸನೆಯಿಲ್ಲದ ಸ್ಟೇನ್. ಉಣ್ಣುವ ಜಾಗದಲ್ಲಿ ವಾಸನೆ ಯಾಕೆ ಎಂದು ಆತ ಕೇಳಿದ. ಮೂವರೂ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಕಟ್ಟಿಗೆ ಯಾವುದು? ಪ್ರಶ್ನೆ ಕೇಳುವವನು ನಾನು, ಉತ್ತರಿಸುವ ಅಭ್ಯಾಸ ನನಗಿಲ್ಲ. ಮೂವರ ಹೇಳಿಕೆ ದಾಖಲಿಸಿಕೊಂಡು, ಮೂವರಿಂದಲೂ ಒಂದೊಂದು ಡಬ್ಬಿ ತಂದೆ.

ಯಾವುದು ಹಚ್ಚುತ್ತೀರಿ ಎಂದು ಗಿರಿಜಾ ಕೇಳಿದಳು. ಇಲ್ಲಿ ನನ್ನ ವೃತ್ತಿಯ ಎರಡನೆಯ ಪಾಠ ಅಡ್ಡ ಬಂತು: ಎಲ್ಲ ಪಕ್ಷಗಳಿಗೂ ಸಮಾನ ಅವಕಾಶ. ಒಬ್ಬನನ್ನು ಆರಿಸಿದರೆ ಉಳಿದಿಬ್ಬರಿಗೆ ಅನ್ಯಾಯ. ಮೂವರ ಮಾತಿನಲ್ಲೂ ಹುರುಳಿದೆ. ಹಾಗಾದರೆ ಸಮಪ್ರಮಾಣದಲ್ಲಿ ಬೆರೆಸಿದರೆ ಕಲೆ ಕಾಣದ, ಹೊಳೆಯುವ, ವಾಸನೆಯಿಲ್ಲದ ಸ್ಟೇನ್ ಆಗಲೇಬೇಕಲ್ಲ!

"ಸಾರು, ಪಾಯಸ, ಮಜ್ಜಿಗಿ ಮೂರೂ ಛಲೋನ ಇರ್ತಾವ," ಎಂದಳು ಗಿರಿಜಾ. "ಹಂಗಂತ ಒಂದ ಬೋಗಾಣ್ಯಾಗ ಹಾಕ್ತಾರೇನ್ರಿ?"

ಇದು ಅಡುಗೆಮನೆಯ ತರ್ಕ, ತಾಂತ್ರಿಕ ಕ್ಷೇತ್ರಕ್ಕೆ ಅನ್ವಯಿಸುವುದಿಲ್ಲ ಎಂದು ಸಮಾಧಾನದಿಂದ ವಿವರಿಸಿದೆ. ಅವಳು ವಾದ ಬೆಳೆಸಲಿಲ್ಲ. ಹೆಂಡತಿ ವಾದ ಬೆಳೆಸದಿದ್ದರೆ ಅನುಮಾನಪಡಬೇಕೆಂಬುದು ಆಗ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಖಾನಾವಳಿಯ ಹಿತ್ತಲಲ್ಲಿ ಬಕೆಟ್ಟಿಗೆ ಮೂರೂ ಡಬ್ಬಿ ಸುರಿದೆ. ಖಾಜಾ ಬರುವ ಮೊದಲೇ ಮುಗಿಸಿ ಅವನನ್ನು ಬೆರಗುಗೊಳಿಸುವ ಯೋಚನೆ. ಗಡುವಿಗೆ ಮುನ್ನ ಕೆಲಸ ಒಪ್ಪಿಸುವುದು ನಮ್ಮ ಮೂರನೆಯ ಪಾಠ. ಕಲಕಲು ಏನಾದರೂ ಬೇಕಿತ್ತು. ಖಾಜಾ ಕೊಟ್ಟ ತುಂಡು ಅಳತೆಗೆ ಸರಿಯಾಗಿತ್ತು. ಬಹಳ ಅನುಕೂಲವಾಯಿತು!

ಬಕೆಟ್ಟಿನಲ್ಲಿ ಸಣ್ಣ ಗಂಟುಗಳು ತೇಲತೊಡಗಿದವು. ಶರಣಬಸವ ಬಗ್ಗಿ ನೋಡಿದ.

"ಮಾಮಾ, ಒಡದ ಹಾಲಿನಂಗ ಕಾಣಾಕತ್ತೈತಲ್ಲ?"

ಹಚ್ಚಿದ ಮೇಲೆ ಕೂಡಿಕೊಳ್ಳುತ್ತದೆ ಎಂದೆ. ಡಬ್ಬಿಯ ಮೇಲೆ ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ಎಂದು ಬರೆದಿತ್ತು. ನಮ್ಮವರ ಕೆಲಸದಲ್ಲಿ ಜಿಪುಣತನ ಯಾಕೆ ಎಂದು ದಪ್ಪಗೆ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಡೆಕ್ ಪೂರ್ತಿಯಾಯಿತು. ಕಾಫಿಯೂ ಅಲ್ಲ, ಸಾಗುವಾನಿಯೂ ಅಲ್ಲ. ಕೊಳೆತ ನೇರಳೆ ಹಣ್ಣಿನ ಬಣ್ಣ. ಒಣಗಿದರೆ ತಿಳಿಯಾಗುತ್ತದೆ ಎಂದು ಶರಣಬಸವನಿಗೆ ಧೈರ್ಯ ಹೇಳಿದೆ. ಅದು ಒಣಗಲಿಲ್ಲ.

ಊಟದ ಹೊತ್ತಿಗೆ ಕಾಲುವೆಯ ಆಚೆ ದಂಡೆಯ ಅಕ್ಕಿ ಗಿರಣಿ ಬಾಯ್ಲರ್ ಹಚ್ಚಿತು. ಭತ್ತದ ಹೊಟ್ಟು ಉರಿಸಿದರೆ ಹಗುರವಾದ ಕಪ್ಪು ಬೂದಿ ಏಳುತ್ತದೆ. ಗಾಳಿ ಈ ಕಡೆ ಬೀಸಿದರೆ ನಮ್ಮ ಓಣಿಯಲ್ಲಿ ಯಾರೂ ಬಿಳಿ ಬಟ್ಟೆ ಒಣಹಾಕುವುದಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತಿರುವ ಈ ವಿಷಯದ ಬಗ್ಗೆ ನಾನೇ ಮೂರು ಸಲ ವರದಿ ಬರೆದಿದ್ದೇನೆ, ಒಂದು ಸಲ ಚಿತ್ರಸಹಿತ. ಹಸಿ ಡೆಕ್ಕಿನ ಪಕ್ಕ ನಿಂತಾಗ ಒಂದೂ ನೆನಪಾಗಲಿಲ್ಲ.

ಬೂದಿ ನಿಧಾನವಾಗಿ, ಯಾವ ಹಲಗೆಗೂ ತಾರತಮ್ಯ ಮಾಡದೆ ಇಳಿಯಿತು. ಪೊರಕೆಯಿಂದ ಗುಡಿಸಿದೆ. ಬೂದಿ ಬರಲಿಲ್ಲ, ಪೊರಕೆಯ ಕಡ್ಡಿಗಳು ಅಂಟಿ ಅಲ್ಲೇ ಉಳಿದವು. ಇನ್ನಷ್ಟು ಬೂದಿ ಬೀಳದಂತೆ ಏನನ್ನಾದರೂ ಹೊದಿಸಬೇಕು. ಮನೆಗೆ ಓಡಿ ಹಳೆಯ ಪತ್ರಿಕೆಗಳ ಎರಡು ಕಟ್ಟು ತಂದು ಡೆಕ್ಕಿನ ತುಂಬ ಹಾಸಿದೆ.

ಸಂಜೆ ಕಾಗದ ಎತ್ತಲು ಹೋದರೆ ಬರಲಿಲ್ಲ. ಶರಣಬಸವ ಕೀಳಲೆಂದು ಮೇಲೆ ಹತ್ತಿದ. ಎರಡು ಹೆಜ್ಜೆ ಇಟ್ಟ. ಮೂರನೆಯದನ್ನು ಇಡಲಾಗದೆ ನಿಂತ. ಕೈ ಹಿಡಿದು ಎಳೆದಾಗ ಎಡಗಾಲಿಗೆ ಕ್ರೀಡಾಪುಟ ಅಂಟಿಸಿಕೊಂಡು ಕೆಳಗಿಳಿದ. ಅವನ ಬಲಗಾಲು ನಿಂತಿದ್ದ ಜಾಗದಲ್ಲಿ ಮಾತ್ರ ಗಿರಣಿ ಬೂದಿಯ ಬಗ್ಗೆ ನಾನು ಬರೆದ ಚಿತ್ರಸಹಿತ ವರದಿ, ಹಲಗೆಗೆ ಕಚ್ಚಿಕೊಂಡು ಹಾಗೇ ಉಳಿದಿತ್ತು. ನನ್ನ ಬರಹ ಇಷ್ಟು ಗಟ್ಟಿಯಾಗಿ ಇನ್ನೆಲ್ಲೂ ನಿಂತದ್ದಿಲ್ಲ.

ಗುರುವಾರ ಬೆಳಿಗ್ಗೆ ಖಾಜಾ ಬಂದ. ಕೈಯಲ್ಲಿ ನಿಶ್ಚಯದ ಸಿಹಿಯ ಪೊಟ್ಟಣವಿತ್ತು, ನನಗಾಗಿ ತಂದದ್ದು. ಅವನು ಡೆಕ್ಕಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಉಗುರಿನಿಂದ ಕೆರೆದ. ಮೂಸಿದ.

"ಸಾಹೇಬ್ರ, ಇದರಾಗ ಎಷ್ಟು ಡಬ್ಬಿ ಅದಾವ?"

"ಮೂರು."

"ನೀರಿಂದೂ ಐತೇನು?"

"ಒಂದು. ಉಳಿದೆರಡು ಎಣ್ಣೆಯವು."

"ನೀರು ಎಣ್ಣಿ ಕೂಡಿದ್ದು ಎಲ್ಯಾರ ನೋಡೀರೇನು ನೀವು?"

ತಾನು ಕೊಟ್ಟ ತುಂಡು ಎಲ್ಲಿ ಎಂದು ಅವನು ಕೇಳಿದ. ಬಕೆಟ್ ತೋರಿಸಿದೆ. ಗಟ್ಟಿಯಾಗುತ್ತಿದ್ದ ಗಂಟುಗಳ ನಡುವೆ ಅದು ನೆಟ್ಟ ಗೂಟದಂತೆ ತಾನೇ ನಿಂತಿತ್ತು. ಮೂರು ಊರಿನ ಮೂವರ ಹೇಳಿಕೆ ಪಡೆದಿದ್ದೆ. ಕಟ್ಟಿಗೆಯ ಹೇಳಿಕೆಯೊಂದನ್ನು ಮಾತ್ರ ಪಡೆದಿರಲಿಲ್ಲ.

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ನೆಲದ ಮೇಲೆ ಕೂತು, ಕಾಲುವೆ ಕಡೆ ನೋಡುತ್ತ, ಮೆಲ್ಲಗೆ ಹೇಳಿದ: "ನಮ್ಮಣ್ಣ ಪುಣೆಕ್ಕ ಟಿಕೀಟ ತಗದಿಟ್ಟಾನ್ರಿ. ಸೋಮವಾರದ್ದು. ಬ್ಯಾಡ ಅನ್ನಾಕ ನನಗೊಂದು ಕಾರಣ ಬೇಕಿತ್ತು."



ಆಮೇಲೆ ಅವನು ಎದ್ದು ಅಂಗಿ ಬಿಚ್ಚಿ ಗೋಡೆಯ ಗೂಟಕ್ಕೆ ಹಾಕಿದ. ನನಗೂ ಬಿಚ್ಚಲು ಹೇಳಿದ. ಗುರುವಾರ, ಶುಕ್ರವಾರ ಎರಡೂ ದಿನ ನಾವು ಕೆರೆದೆವು. ಬಣ್ಣ ಕರಗಿಸುವ ಥಿನ್ನರ್ ಸುರಿದು, ಚೂರಿಯಿಂದ ಕಿತ್ತು, ಮರಳು ಕಾಗದದಿಂದ ಉಜ್ಜಿ, ಮತ್ತೆ ಉಜ್ಜಿದೆವು. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಬಂದಳು. ನಾನು ಒಂದು ಹಲಗೆ ಮುಗಿಸುವಷ್ಟರಲ್ಲಿ ಅವಳು ಮೂರು ಮುಗಿಸುತ್ತಿದ್ದಳು. ಪಾಯಸದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಕೆರೆಯುವುದನ್ನು ಬಿಟ್ಟು ಉತ್ತರ ಕೊಡಬಹುದಿತ್ತು. ಆ ಅವಕಾಶವೂ ತಪ್ಪಿತು. ಶುಕ್ರವಾರ ಸಂಜೆ ನನ್ನ ಬೆರಳಚ್ಚು ಅಳಿಸಿಹೋಗಿತ್ತು, ಹಲಗೆಗಳು ಹುಟ್ಟಿದಾಗ ಇದ್ದ ಹಾಗೆ ಬೆಳ್ಳಗೆ ಕಂಡವು.

ಕೆರೆತದ ನಡುವೆಯೇ ಖಾಜಾ ಆಯ್ಕೆ ಮಾಡಿದ. ಜೇನಿನ ಬಣ್ಣದ ತಿಳಿ ಎಣ್ಣೆ ಸ್ಟೇನ್, ಒಂದೇ ಡಬ್ಬಿ. ಗುರುವಾರವೇ ಅದೇ ಹಲಗೆಯ ಇನ್ನೊಂದು ತುಂಡಿಗೆ ಹಚ್ಚಿ ಬಿಸಿಲಿಗಿಟ್ಟ. ಶುಕ್ರವಾರ ಅದರ ಮೇಲೆ ನೀರು ಸುರಿದ, ಸಾರು ಸುರಿದು ಒರೆಸಿದ. ಪಕ್ಕದಲ್ಲಿ ಕಡು ಬಣ್ಣದ ತುಂಡೊಂದನ್ನೂ ಇಟ್ಟಿದ್ದ. ನಡು ಮಧ್ಯಾಹ್ನ ಎರಡರ ಮೇಲೂ ಅಂಗೈ ಇಡಿ ಎಂದ. ತಿಳಿ ಬಣ್ಣದ್ದು ಬೆಚ್ಚಗಿತ್ತು. ಕಡು ಬಣ್ಣದ್ದರ ಮೇಲಿಟ್ಟ ಕೈಯನ್ನು ನಾನು ಬಹಳ ಬೇಗ ಹಿಂದೆ ತೆಗೆದುಕೊಂಡೆ. ಜನ ಬರಿಗಾಲಲ್ಲಿ ಹತ್ತಿ ಕೂರುವ ಜಾಗಕ್ಕೆ, ನಮ್ಮ ಬಿಸಿಲಿನಲ್ಲಿ, ನಾನು ಕಾದ ಹೆಂಚಿನ ಬಣ್ಣ ಆರಿಸಿದ್ದೆ!

ಆಮೇಲೆ ಅವನು ನನಗೆ ಹೊಳೆಯದಿದ್ದ ಒಂದು ಕೆಲಸ ಮಾಡಿದ. ಕಾಲುವೆ ದಾಟಿ ಗಿರಣಿಗೆ ಹೋಗಿ, ಬಾಯ್ಲರ್ ಯಾವಾಗ ಆರಿಸುತ್ತೀರಿ ಎಂದು ಕೇಳಿ ಬಂದ. ಶನಿವಾರ ಇಡೀ ದಿನ ತೊಳೆಯಲು ನಿಲ್ಲಿಸುತ್ತಾರಂತೆ. ಮೂರು ವರದಿಗಳಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದು.

ಶನಿವಾರ ಬೆಳಕು ಹರಿಯುವಾಗ ಅವನು ತೆಳುವಾಗಿ ಹಚ್ಚುತ್ತ, ಹಳೆ ಲುಂಗಿಯ ತುಂಡಿನಿಂದ ಹೆಚ್ಚಾದದ್ದನ್ನು ಒರೆಸುತ್ತ ಹೋದ. ಬ್ರಷ್ ಕೊಡು ಎಂದೆ. ಲುಂಗಿ ಹಿಡಕೊಳ್ಳಿ ಸಾಕು ಎಂದ. ಹಿಡಿದುಕೊಂಡೆ.

ಭಾನುವಾರ ಸಂಜೆ ಲಾಡ್ಜ್ ಮಾಲೀಕರು ಬಂದರು. ಚಪ್ಪಲಿ ಬಿಟ್ಟು ಹತ್ತಿದರು. ಈ ಕೊನೆಯಿಂದ ಆ ಕೊನೆಗೆ ಬರಿಗಾಲಲ್ಲಿ ನಡೆದರು. ಅವರ ಪ್ರತಿ ಹೆಜ್ಜೆಯೂ ಹಲಗೆಗೆ ಅಂಟದೆ ಮೇಲೆದ್ದು ಬರುತ್ತದೆಯೇ ಎಂದು ನಾನು ಎಣಿಸುತ್ತ ನೋಡಿದೆ. ಎಲ್ಲವೂ ಎದ್ದು ಬಂದವು. ಅವರು ಕೂತರು, ಎದ್ದರು, ಬಿಳಿ ಧೋತರದ ಹಿಂಭಾಗವನ್ನು ತಿರುಗಿ ನೋಡಿಕೊಂಡರು. ಬಿಳಿಯಾಗಿಯೇ ಇತ್ತು. ಅಂಗೈಯಿಂದ ಹಲಗೆ ಸವರಿ, ಎಳೆಗಳು ಎಷ್ಟು ಚಂದ ಕಾಣುತ್ತಿವೆ ಎಂದರು. ಮುಂದಿನ ವಾರವೇ ಅಳತೆಗೆ ಬಾ ಎಂದು ಖಾಜಾನಿಗೆ ಹೇಳಿದರು.

ಖಾಜಾ ಅಲ್ಲೇ ಅಣ್ಣನಿಗೆ ಫೋನ್ ಹಚ್ಚಿ, ಟಿಕೀಟು ವಾಪಸ್ ಮಾಡು ಎಂದ. ನನ್ನ ಎದೆಯ ಮೇಲಿಂದ ಯಾರೋ ಹಲಗೆ ಎತ್ತಿದಂತಾಯಿತು. ಗಿರಿಜಾ ಒಳಗಿನಿಂದ ಚಹಾ ತಂದಳು. ಅಷ್ಟು ರುಚಿಯಾದ ಚಹಾ ನಾನು ಇತ್ತೀಚೆಗೆ ಕುಡಿದಿಲ್ಲ.

ಚಹಾ ಕುಡಿಯುತ್ತ ಮಾಲೀಕರು ಕೇಳಿದರು, "ಬಣ್ಣ ಯಾರ ಸೆಲೆಕ್ಷನ್ನೋ?"

"ನಾನ ಮಾಡೀನ್ರಿ," ಎಂದ ಖಾಜಾ.

"ಮತ್ತ ಇವರು?" ಎಂದು ನನ್ನತ್ತ ಕೈ ಮಾಡಿದರು. ನನ್ನ ಬೆರಳುಗಳ ಬ್ಯಾಂಡೇಜು ನೋಡಿ ಏನೋ ದೊಡ್ಡ ಕೆಲಸ ಮಾಡಿದವನೆಂದು ಅವರಿಗೆ ಅನಿಸಿರಬೇಕು.

ಖಾಜಾ ಒಂದು ಕ್ಷಣ ನನ್ನ ಮುಖ ನೋಡಿದ. ಅವನ ಕೈಯಲ್ಲಿ ನಾಲ್ಕು ದಿನದ ಸತ್ಯವಿತ್ತು, ಎದುರಿಗೆ ಕೇಳಲು ಸಿದ್ಧವಾದ ಜನರಿದ್ದರು.

"ಇವ್ರಾ? ಇವ್ರು ನೋಡಾಕ ಬಂದಾರ್ರಿ."

ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರಾರು ಹೇಳಿಕೆಗಳನ್ನು ತಿದ್ದಿದ್ದೇನೆ. ಒಂದು ಪದವನ್ನೂ ಸೇರಿಸಬೇಕಾಗದ, ಒಂದು ಪದವನ್ನೂ ತೆಗೆಯಬೇಕಾಗದ ವಾಕ್ಯ ನನಗೆ ಸಿಕ್ಕಿದ್ದು ಅದೊಂದೇ. ಹೌದು ಎಂದು ತಲೆಯಾಡಿಸಿ, ಚಹಾ ಮುಗಿಸಿದೆ.