ರೇಡಿಯೋದಲ್ಲಿ ನನ್ನ ಪೂರ್ತಿ ವಿಳಾಸ

ನಾನು ಪುಕ್ಕಲ. ಇದನ್ನು ನನ್ನ ಹೆಂಡತಿ ವತ್ಸಲಾ ನಾಲ್ಕು ಜನರೆದುರು ಹೇಳುವುದಕ್ಕೆ ಮೊದಲು ನಾನೇ ಒಪ್ಪಿಕೊಂಡುಬಿಡುವುದು ಮರ್ಯಾದೆ. ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಹಲ್ಲಿನ ಡಾಕ್ಟರು. ನನಗೆ ಯಾರಾದರೂ ಗಟ್ಟಿ ದನಿಯಲ್ಲಿ "ನಿಮ್ಮ ಹೆಸರು?" ಎಂದರೆ ಸಾಕು, ಅಂಗೈ ಬೆವರುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರೆಸ್ಟನ್ನಿಗೆ ಬಂದು ಮೂರು ವರ್ಷವಾಗಿ, ಗ್ರೀನ್ ಕಾರ್ಡಿನ ಅರ್ಜಿ ಮ್ಯಾನೇಜರ್ ಗ್ಯಾರಿಯ ಸಹಿಗಾಗಿ ಅವನ ಮೇಜಿನ ಮೇಲೆ ಕೂತಾಗಲಂತೂ ಈ ಕಾಯಿಲೆ ಉಲ್ಬಣಿಸಿತ್ತು. ಹಿಂದೆ ಪೊಲೀಸ್ ಕಾರು ಹಾದರೆ, ನನ್ನ ಕಾರು ಪಾರ್ಕಿಂಗ್ ಲಾಟಿನಲ್ಲಿ ಸುಮ್ಮನೆ ನಿಂತಿದ್ದರೂ, ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿದ್ದೆ.

ಆ ಪಾರ್ಕಿಂಗ್ ಲಾಟಿನಲ್ಲೇ ನನ್ನ ಊಟ. ಒಗ್ಗರಣೆ ವಾಸನೆಗೆ ಯಾರಾದರೂ ದೂರು ಕೊಟ್ಟಾರೆಂದು ಮೊಸರನ್ನದ ಡಬ್ಬಿಯನ್ನು ಕಾರಿನಲ್ಲೇ ಬಿಚ್ಚುತ್ತಿದ್ದೆ. ಜೊತೆಗೆ ಸ್ಥಳೀಯ ಪಬ್ಲಿಕ್ ರೇಡಿಯೋದವರ ಜಾಝ್. ಮೊದಮೊದಲು ಅದು ಕಛೇರಿಗೆ ಮುಂಚೆ ವಾದ್ಯದವರು ಶ್ರುತಿ ಮಾಡಿಕೊಳ್ಳುವ ಹಾಗೆ ಕೇಳುತ್ತಿತ್ತು. ಇನ್ನೇನು ಹಾಡು ಶುರುವಾದೀತು ಎಂದು ಕಾದು ಕಾದು ಮೊಸರನ್ನವೇ ಮುಗಿಯುತ್ತಿತ್ತು. ಆಮೇಲೆ ಯಾವಾಗ ಹಿಡಿಸಿತೋ ಕಾಣೆ. ಒಂದು ಮಧ್ಯಾಹ್ನ ಸ್ಯಾಕ್ಸೋಫೋನಿನವನೊಬ್ಬ ಅದೆಷ್ಟು ಸಂಕಟದಿಂದ ನುಡಿಸಿದನೆಂದರೆ ನನ್ನ ಚಮಚ ಡಬ್ಬಿಯಲ್ಲೇ ನಿಂತಿತು. ಆ ಟ್ಯೂನಿನ ಹೆಸರು ಬೇಕೇ ಬೇಕೆನಿಸಿತು. ಅಷ್ಟರಲ್ಲಿ ಅನೌನ್ಸರ್ "ನಮಗೆ ಕರೆ ಮಾಡಿ" ಎಂದು ನಂಬರ್ ಹೇಳಿದ. ಅದನ್ನು ಪೇಪರ್ ನ್ಯಾಪ್ಕಿನ್ ಮೇಲೆ ಗೀಚಿಕೊಂಡು, ಆಫೀಸಿಗೆ ಓಡಿ ಡಯಲ್ ಮಾಡಿದೆ. ಆ ನಂಬರು ಜಾಝ್ ಮುಗಿದ ಮೇಲಿನ ಕಾರ್ಯಕ್ರಮದ್ದು, ವರ್ಜೀನಿಯಾ ರಾಜಕೀಯದ ಚರ್ಚೆಯದ್ದು ಎಂಬುದು ಕೂತು ಪೂರ್ತಿ ಕೇಳಿದವನಿಗೆ ತಾನೇ ಗೊತ್ತಾಗುವುದು?

"ನೀವೀಗ ನೇರ ಪ್ರಸಾರದಲ್ಲಿದ್ದೀರಿ. ಹೆಸರು, ಊರು ಹೇಳಿ," ಎಂದಿತು ಒಂದು ಗಟ್ಟಿ ದನಿ. ಸ್ಟುಡಿಯೋದಲ್ಲಿ ರಾಜ್ಯದ ಶಾಸಕರೊಬ್ಬರು ಕೂತಿದ್ದಾರೆಂದೂ ಹೇಳಿತು. ಅಯ್ಯೋ ದೇವರೇ! ಫೋನ್ ಇಟ್ಟುಬಿಡಬಹುದಿತ್ತು. ಅಮೆರಿಕದವನಾಗಿದ್ದರೆ "ಡೇವ್, ರೆಸ್ಟನ್" ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ನನ್ನದೋ, ವೀಸಾ ಕೊಡುವ ಕಾನ್ಸುಲೇಟಿನ ಕಿಟಕಿ ಮುಂದೆ ಪಳಗಿದ ನಾಲಿಗೆ. ಪೂರ್ತಿ ಹೆಸರು, ಅದರ ಸ್ಪೆಲ್ಲಿಂಗ್, ತಂದೆಯ ಹೆಸರು, ಹುಟ್ಟಿದ ತಾರೀಖು, ಅಪಾರ್ಟ್‌ಮೆಂಟ್ ನಂಬರು, ವೀಸಾ ಮುಗಿಯುವ ದಿನ, ಕಂಪನಿ, ಮ್ಯಾನೇಜರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕೊನೆಗೆ ಶಾಸಕರೇ, ಪಾಪ, ಮೆಲ್ಲಗೆ ಕೇಳಿದರು: "ಕಾರ್ ಟ್ಯಾಕ್ಸ್ ಬಗ್ಗೆ ನಿಮ್ಮ ಅಭಿಪ್ರಾಯವೇನು?"

"ತಮ್ಮ ಅಭಿಪ್ರಾಯವೇ ನನ್ನದು, ಸರ್."

"ನನ್ನದು ಏನೆಂದು ಗೊತ್ತೇ?"

"ಯಾವುದಾದರೂ ಸರಿ, ಸರ್."

ಫೋನ್ ಇಟ್ಟಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಅಲ್ಲಾ ರೀ, ಟ್ಯೂನ್ ಹೆಸರು ಕೇಳಕ್ಕೆ ಹೋಗಿ ಮನೆ ನಂಬರ್ ಕೊಟ್ಟು ಬಂದ್ರಾ?" ಸಂಜೆ ಮನೆಯಲ್ಲಿ ವಿಷಯ ಕೇಳಿ ವತ್ಸಲಾ ಸೊಂಟದ ಮೇಲೆ ಕೈಯಿಟ್ಟಳು. "ವೀಸಾದಲ್ಲಿರೋರು ಪಾಲಿಟಿಕ್ಸ್ ಮಾತಾಡಬಹುದಾ?" ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಭಯ. "ಗ್ಯಾರಿ ಕೇಳಿಸ್ಕೊಂಡಿದ್ರೆ?" ಎಂದಳು. ಕಾರಿನಲ್ಲಿ ಸದಾ ಅದೇ ಸ್ಟೇಷನ್ ಹಾಕಿಕೊಂಡು ತಿರುಗುವ ಮನುಷ್ಯ ಅವನು. ಅವನು ಸಹಿ ಹಾಕದಿದ್ದರೆ ವೀಸಾ ಮುಗಿದೊಡನೆ ನಾವು ಗಂಟುಮೂಟೆ ಕಟ್ಟಬೇಕು, ಮಗಳನ್ನು ನಡುವರ್ಷದಲ್ಲಿ ಸ್ಕೂಲು ಬಿಡಿಸಬೇಕು. ನಾಲ್ಕು ದಿನ ಅನ್ನ ಸೇರಲಿಲ್ಲ. ಬಾಗಿಲು ಬಡಿದರೆ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಸೋಫಾದ ಹಿಂದೆ ನಿಲ್ಲುತ್ತಿದ್ದೆವು. ಒಮ್ಮೆ ಹಾಗೆ ಬಡಿದದ್ದು ಆಟ ಮುಗಿಸಿ ಬಂದ ಮಗಳೇ. "ಅಪ್ಪಾ, ಓಪನ್ ಮಾಡು! ವೈ ಈಸ್ ದ ಚೈನ್ ಆನ್?"

ಐದನೆಯ ದಿನ ಗ್ಯಾರಿ ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ನನ್ನ ಅರ್ಜಿ, ಅವನ ಕೈಯಲ್ಲಿ ಪೆನ್ನು. "ನೀವು... ಮೊನ್ನೆ ರೇಡಿಯೋ..." ಎಂದು ತೊದಲಿದೆ.

"ರೇಡಿಯೋನಾ? ನನ್ನ ಕಾರಿನದು ಕೆಟ್ಟು ಎರಡು ವಾರವಾಯಿತಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದ.

ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ತೆಪ್ಪಗೆ ಕೂತಿರಬೇಕಿತ್ತು. ಆದರೆ ಭಯ ಇಳಿದ ಜಾಗದಲ್ಲಿ ಏನೋ ಒಂದು ಉರಿ ಎದ್ದಿತು. ಇಷ್ಟು ಜನ ಕೇಳುವ ರೇಡಿಯೋದಲ್ಲಿ, ಶಾಸಕರ ಸಮಕ್ಕೆ ಮಾತಾಡಿದ್ದೇನೆ, ಇವನು ಕೇಳಿಯೇ ಇಲ್ಲವಂತೆ! ನೆಟ್ಟಗೆ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಕಂಪನಿಯ ಹೆಸರು ಹೇಳಿದ್ದು, ಅವನ ಹೆಸರನ್ನು ಸ್ಪೆಲ್ಲಿಂಗ್ ಸಮೇತ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಗ್ಯಾರಿ ಪೆನ್ನಿಗೆ ಮುಚ್ಚಳ ಹಾಕಿದ. "ಲಾಯರನ್ನು ಒಂದು ಮಾತು ಕೇಳಿಬಿಡುತ್ತೇನೆ," ಎಂದು ಅರ್ಜಿಯನ್ನು ಡ್ರಾಯರಿಗೆ ಸೇರಿಸಿದ.

ಸೀಟಿಗೆ ಮರಳುವಷ್ಟರಲ್ಲಿ ವತ್ಸಲಾಳ ಫೋನು.

"ಏನಾಯ್ತ್ರೀ? ಗ್ಯಾರಿ ಕೇಳಿಸ್ಕೊಂಡಿದ್ನಾ?"

"ಇಲ್ಲ ಕಣೇ. ಅವನ ರೇಡಿಯೋ ಕೆಟ್ಟಿತ್ತಂತೆ."

"ಸದ್ಯ! ಮತ್ಯಾಕೆ ದನಿ ಹಿಂಗಿದೆ? ಯಾರಾದ್ರೂ ಹೋಗಿ ಹೇಳಿಬಿಟ್ರಾ?"

"ಹೂಂ. ಒಬ್ಬ ಹೇಳಿಬಿಟ್ಟ."

"ಯಾರ್ರೀ ಅವನು, ಮನೆಹಾಳ?"

"ನಾನೇ ಕಣೇ."